ವಾಪಸ್ ಬಾರದ ಮಷಿನ್‌ಗಳು

“ಅಣ್ಣನ ಕೈಯಿಂದ ಹೋದ ಮಷಿನ್ ಒಂದೂ ವಾಪಸ್ ಬಂದಿದ್ದಿಲ್ಲ” ಎಂದು ಸತ್ತವನ ತಮ್ಮ ಮೂರನೆಯ ಸಲ ಹೇಳುವ ಹೊತ್ತಿಗೆ ಶವವಾಹನದ ಚಾಲಕ ಎಂಜಿನ್ ಚಾಲೂ ಮಾಡಿಬಿಟ್ಟಿದ್ದ. ಆದರೂ ಅವನು ಅಂಗಡಿಯ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ಅವನು ಶೋರೂಮೊಂದರಲ್ಲಿ ಹೊಸ ಹೊಲಿಗೆ ಮಷಿನ್ ಮಾರುವವನು. ನಿಂತಲ್ಲೇ ಭಾಷಣ ಬಿಗಿಯುವುದು ಅಭ್ಯಾಸವಾಗಿಹೋಗಿತ್ತು. ಸತ್ತವನು ಮೂವತ್ತೊಂದು ವರ್ಷ ಇದೇ ಅಂಗಡಿಯಲ್ಲಿ ಕೂತು ಮಷಿನ್ ರಿಪೇರಿ ಮಾಡಿದವನು. ಜನ ಮೇಸ್ತ್ರಿ ಎನ್ನುತ್ತಿದ್ದರು.

ಹಿಂದೆ ನಿಂತಿದ್ದ ಹೊಲಿಗೆಯ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಿದ್ದಾಳೆಂದು ಪಕ್ಕದವರು ಬೆನ್ನು ಸವರಿದರು. ಅವಳಿಗೆ ಬಂದಿದ್ದು ನಗು. ಅಂಗಿಗೆ ಕಾಜಾ ಹಾಕುವುದರಲ್ಲಿ ಪಳಗಿದವಳಾದ್ದರಿಂದ ಅವಳನ್ನು ಕಾಜಾದಕ್ಕ ಎಂದೇ ಎಲ್ಲರೂ ಕರೆಯುವುದು. ಮೇಸ್ತ್ರಿಯ ಹೆಂಡತಿ ಅವಳತ್ತ ಒಮ್ಮೆ ನೋಡಿ, ಕಣ್ಣು ತಗ್ಗಿಸಿ ವಾಹನ ಹತ್ತಿದಳು.

*

ಮೇಸ್ತ್ರಿಗೆ ಕೆಲಸ ಗೊತ್ತಿತ್ತು, ಜನ ಬೇಕಿರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತು ದಾರ ತುಂಡಾಗುತ್ತದೆ ಎಂದರೆ, ತಲೆ ಎತ್ತದೆಯೇ, ಹೊಲಿಯೋಕೆ ಬಾರದವರೆಲ್ಲ ಮಷಿನ್ ಯಾಕೆ ಇಟ್ಟುಕೊಳ್ಳುತ್ತಾರೋ ಎನ್ನುತ್ತಿದ್ದ. ಫೋನ್ ರಿಂಗಾದರೆ ಅದನ್ನು ತಿರುಪಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದ. ಒಮ್ಮೆ ಕಾಜಾದಕ್ಕ ಒಂದೇ ತಿಂಗಳಲ್ಲಿ ಮೂರು ಸಲ ಮಷಿನ್ ಹೊತ್ತು ಬಂದು, ಮೂರು ಸಲವೂ ಬೈಸಿಕೊಂಡು ಹೋದಳು. ಅದಾದ ವಾರಕ್ಕೆ ಹೆಂಡತಿ ಯಾರಿಗೂ ಹೇಳದೆ ಪ್ರಿಂಟಿಂಗ್ ಅಂಗಡಿಯಲ್ಲಿ ಮೊದಲಿಗೆ ನೂರು ಕ್ಯೂಆರ್ ಚೀಟಿ ಮಾಡಿಸಿದಳು. ಫೋನಿನ ಕ್ಯಾಮೆರಾ ಹಿಡಿದರೆ ಸೀದಾ ಅವಳ ಫೋನಿಗೆ ಮೆಸೇಜು ಹಾಕಬಹುದು.

ಮಧ್ಯಾಹ್ನ ಅವನು ಮಲಗಿದಾಗ ಶಟರ್ ಅರ್ಧ ಎಳೆದು, ರಿಪೇರಿಯಾದ ಮಷಿನ್ ವಾಲಿಸಿ, ತಳದಲ್ಲಿ ಒಂದೊಂದು ಚೀಟಿ ಅಂಟಿಸುತ್ತಿದ್ದಳು. ಒಯ್ಯಲು ಬಂದವರಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು: “ತೊಂದ್ರೆ ಬಂದ್ರೆ ಹೊತ್ಕೊಂಡು ಬರಬೇಡಿ. ಇದಕ್ಕೆ ಫೋನ್ ಹಿಡೀರಿ, ನನಗೆ ಬರುತ್ತೆ.”

ಹೆಂಗಸರು ಮಷಿನ್ನಿನ ಸದ್ದು ಕಳಿಸಿದರು, ಕೆಟ್ಟ ಹೊಲಿಗೆಯ ಫೋಟೊ ಕಳಿಸಿದರು. ಅವಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವನು ಎದುರಿಗೇ ಊಟಕ್ಕೆ ಕೂತಿರುತ್ತಿದ್ದ. ಅಲ್ಲ, ಹೊಲಿಗೆ ನಡುನಡುವೆ ತಪ್ಪೋದು ಯಾಕೆ ಎಂದು ಪೆದ್ದಿಯ ಹಾಗೆ ಕೇಳುತ್ತಿದ್ದಳು.

“ನಿನ್ನ ತಲೆಗೆ ಹತ್ತಲ್ಲ, ಆದ್ರೂ ಕೇಳು” ಎನ್ನುತ್ತಿದ್ದ. ಆಮೇಲೆ ಸೂಜಿಯನ್ನು ಎಷ್ಟು ಎತ್ತರಕ್ಕೆ ಕೂರಿಸಬೇಕು ಎಂಬಲ್ಲಿಂದ ಹಿಡಿದು ಕೆಳಗಿನಿಂದ ದಾರ ಹಿಡಿಯುವ ಶಟಲಿನ ಮೂತಿ ಸೂಜಿಗಣ್ಣಿನ ಪಕ್ಕ ಎಲ್ಲಿ ಹಾಯಬೇಕು ಎಂಬಲ್ಲಿಯವರೆಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಬೇರೆಲ್ಲದರಲ್ಲಿ ಜಿಪುಣ, ತಿರಸ್ಕಾರದಲ್ಲಿ ಧಾರಾಳಿ. ಅವಳು ತಟ್ಟೆ ತೊಳೆದು, ಕೈ ಒರೆಸಿಕೊಂಡು, ಬೈಗುಳ ತೆಗೆದು ಉಳಿದದ್ದನ್ನು ಗಿರಾಕಿಗೆ ಟೈಪ್ ಮಾಡುತ್ತಿದ್ದಳು.

ಎರಡು ವರ್ಷ ಕಳೆಯುವಷ್ಟರಲ್ಲಿ ಕೇಳುವ ಅಗತ್ಯವೇ ಉಳಿಯಲಿಲ್ಲ. ಸದ್ದು ಕೇಳಿದರೆ ಅವಳಿಗೆ ರೋಗ ತಿಳಿಯುತ್ತಿತ್ತು. ಮಷಿನ್‌ಗಳು ವಾಪಸ್ ಬರುವುದು ನಿಂತಿತು. ಮೇಸ್ತ್ರಿ ಖಾಲಿ ಬಾಗಿಲು ನೋಡಿ, ನನ್ನ ಕೈ ಅಂದರೆ ಹೀಗೆ ಎಂದು ಬೀಗುತ್ತಿದ್ದ.

*

ಸ್ಮಶಾನದಿಂದ ಬಂದವನೇ ಮೇಸ್ತ್ರಿಯ ತಮ್ಮ, ಕೈ ತೊಳೆದು ಅಣ್ಣನ ಸ್ಟೂಲಿನ ಮೇಲೆ ಕೂತ. ಅಂಗಡಿ ಮುಚ್ಚಬಾರದು, ಸೋಮವಾರದಿಂದ ತಾನೇ ನೋಡಿಕೊಳ್ಳುತ್ತೇನೆ, ಅತ್ತಿಗೆ ಮನೆಯಲ್ಲಿ ಹಾಯಾಗಿರಲಿ ಎಂದ. ಗಿರಾಕಿಗಳಿಗೆ ಅಣ್ಣನ ಹೆಸರೊಂದೇ ಸಾಕಂತೆ.

ಕಾಜಾದಕ್ಕನಿಗೆ ತಡೆಯಲಾಗಲಿಲ್ಲ. “ಹೆಸರು ನೋಡಿ ನಾವ್ಯಾರೂ ಬರ್ತಿರಲಿಲ್ಲ. ಚೀಟಿಗೆ ಫೋನ್ ಹಿಡೀತಿದ್ವಿ, ಅಕ್ಕ ಹೇಳಿಕೊಡ್ತಿದ್ರು. ಅದಕ್ಕೇ ಒಂದೂ ವಾಪಸ್ ಬರಲಿಲ್ಲ.”

ತಮ್ಮ ನಂಬಲಿಲ್ಲ. ಅತ್ತಿಗೆಯ ಫೋನ್ ಇಸಿದುಕೊಂಡು ನೋಡಿದ. ಆರು ವರ್ಷದ ಮೆಸೇಜುಗಳು. ನೋಡುತ್ತ ನೋಡುತ್ತ ದುಃಖ ಇಳಿದು ಶೋರೂಮಿನ ಮುಖ ಬಂತು. ಚೀಟಿ ಅಂಟಿದ ಮಷಿನ್ ಒಟ್ಟು ಎಷ್ಟಿವೆ ಎಂದು ಕೇಳಿದ. ನಾನೂರರ ಮೇಲಿವೆ ಎಂದಳು ಅತ್ತಿಗೆ.

“ಹಾಗಾದ್ರೆ ಆ ನಂಬರ್ ನನಗೆ ಕೊಡಿ ಅತ್ತಿಗೆ. ಹಳೇದು ಕೆಟ್ಟೋರಿಗೆ ಹೊಸದು ತೋರಿಸ್ಬಹುದು. ನಿಮಗ್ಯಾಕೆ ಈ ಗೋಜು.”

ಅವಳು ಅವನ ಕೈಯಿಂದ ಫೋನ್ ವಾಪಸ್ ತೆಗೆದುಕೊಂಡಳು. “ಬಟ್ಟೆ ಕೆಳಗಡೆ ದಾರ ಗಂಟು ಗಂಟಾಗಿ ಬಿದ್ರೆ ಮೊದಲು ಎಲ್ಲಿ ನೋಡ್ತೀಯ?”

“ಕೆಳಗಡೇನೇ. ಬಾಬಿನ್ನಲ್ಲಿ.”

“ಮೇಲೆ” ಎಂದಳು. “ಮೇಲಿನ ದಾರ ಸರಿಯಾಗಿ ಕೂತಿರಲ್ಲ. ಏಳು, ಅದು ಕೆಲಸ ಗೊತ್ತಿರೋರು ಕೂರೋ ಜಾಗ.”

ಅವನು ಎದ್ದ. ಅಣ್ಣನಿಗೆ ಇದು ಗೊತ್ತಾಗಿದ್ದರೆ ಎದೆಯೊಡೆದು ಯಾವತ್ತೋ ಸಾಯುತ್ತಿದ್ದ ಎಂದು ಗೊಣಗಿ ಬೀದಿಗಿಳಿದ.

ಕಾಜಾದಕ್ಕ ಸಂಕೋಚದಿಂದಲೇ, ಈಚೆಗೆ ಯಾರಿಂದಲೋ ಕೊಂಡು ಮೊದಲ ಸಲ ರಿಪೇರಿಗೆ ಕೊಟ್ಟಿದ್ದ ತನ್ನ ಇನ್ನೊಂದು ಹಳೇ ಮಷಿನ್ ಕೇಳಿದಳು. ನಾಳೆ ಕೊಡಬೇಕಾದ ಅಂಗಿಗಳಿದ್ದವು. ಆಸ್ಪತ್ರೆ ಸೇರುವ ಹಿಂದಿನ ದಿನ ಮೇಸ್ತ್ರಿ ಮುಗಿಸಿಟ್ಟಿದ್ದ ಮಷಿನ್ ಅದು. ಹೆಂಡತಿ ದೀಪ ಹಾಕಿ ಅದನ್ನು ವಾಲಿಸಿದಳು. ತಳದ ತುಂಬ ಹಳೆಯ ಎಣ್ಣೆ, ಅದಕ್ಕೆ ಮೆತ್ತಿದ ನೂಲಿನ ಧೂಳು. ಒಂದು ಕಡೆ ಮಾತ್ರ ಕಬ್ಬಿಣ ಹೊಳೆಯುತ್ತಿತ್ತು. ಪೆಟ್ರೋಲಿನ ಬಟ್ಟೆಯಿಂದ ತಿಕ್ಕಿ ಒರೆಸಿದ ಒಂದು ಚೌಕ, ಸರಿಯಾಗಿ ಚೀಟಿಯಷ್ಟೇ. ಹಲಗೆಯ ಮೇಲಿದ್ದ ಇನ್ನೆರಡು ಮಷಿನ್‌ಗಳನ್ನೂ ವಾಲಿಸಿ ನೋಡಿದಳು. ಅವುಗಳಲ್ಲೂ ಅದೇ ಚೌಕ. ಮೊದಲೆಲ್ಲ ಎಣ್ಣೆಯನ್ನು ಅವಳೇ ಉಜ್ಜಿ ತೆಗೆಯಬೇಕಿತ್ತು. ಈಚೆಗೆ ಅರೆಗತ್ತಲಲ್ಲಿ ಅಂಟಿಸುವಾಗ ಕೈಗೆ ಎಣ್ಣೆ ಹತ್ತುತ್ತಿರಲಿಲ್ಲ ಎಂಬುದು ಈಗ ಹೊಳೆಯಿತು.

“ಗೊತ್ತಿತ್ತು ಇವರಿಗೆ” ಎಂದಳು.

ಪಾಪ, ಒಳಗೊಳಗೇ ಮೆಚ್ಚಿಕೊಂಡಿದ್ದರೇನೋ ಎಂದಳು ಕಾಜಾದಕ್ಕ.

“ಮೆಚ್ಚಿದ್ರೆ ಹೇಳೋಕೆ ಬಾಯಿ ಇರಲಿಲ್ವಾ? ಗೊತ್ತಿದ್ದೂ ನನ್ನೆದುರಿಗೇ ಬೀಗ್ತಿದ್ರು.”

ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಸೊಟ್ಟ ಹೊಲಿಗೆ ಕಂಡಾಗ ಮೇಸ್ತ್ರಿ ಮಾಡುತ್ತಿದ್ದ ಮುಖವೇ ಅವಳದ್ದೂ ಆಗಿತ್ತು. ಹೊಳೆಯುವ ಚೌಕವನ್ನು ಹಾಗೇ ಬಿಟ್ಟು ಮಷಿನ್ ನೆಟ್ಟಗೆ ನಿಲ್ಲಿಸಿದಳು. ಚೀಟಿಯನ್ನು ಅದರ ತೋಳಿನ ಮೇಲೆ, ಎದುರಿಗೇ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು.

ಕಾಜಾದಕ್ಕ ಮಷಿನ್ ಎತ್ತಿ ಸೊಂಟಕ್ಕೇರಿಸಿಕೊಂಡು ಬೀದಿಗಿಳಿದಳು. ಎದುರು ಬಂದವರು ದಾರಿ ಬಿಟ್ಟು ನಿಂತು, ಆ ಕಪ್ಪುಬಿಳಿ ಚೌಕವನ್ನು ನೋಡುತ್ತಿದ್ದರು.