ಎದೆಲ್ಮಿರಾ ತಳ್ಳಿದ ಕಾರು

ನಮ್ಮ ಹಿಬಾರಾ ಊರಲ್ಲಿ ಕೋಳಿ ಕೂಗೋಕೆ ಮುಂಚೆ ಮನುಷ್ಯರು ಕೂಗ್ತಾರೆ. "ತಳ್ರೋ, ಇನ್ನೊಂಚೂರು ತಳ್ರೋ" ಅಂತ. ಬೀದಿಗೊಂದು ಹಳೇ ಅಮೆರಿಕನ್ ಕಾರು, ಒಂದಕ್ಕೂ ನೆಟ್ಟಗಿನ ಬ್ಯಾಟರಿ ಇಲ್ಲ. ಹಲ್ಲುಜ್ಜುತ್ತಾ ನಿಂತವನು ಬ್ರಷ್ಷು ಬಾಯಲ್ಲೇ ಕಚ್ಕೊಂಡು ಬಂದು ಕೈ ಕೊಡ್ತಾನೆ. ಮಕ್ಕಳು ಸ್ಕೂಲಿನ ಚೀಲ ಬೆನ್ನಿಗೆ ಹಾಕ್ಕೊಂಡೇ ತಳ್ತಾವೆ. ಇದರಲ್ಲಿ ನಮಗೆ ನಾಚಿಕೆ ಏನಿಲ್ಲ, ನೆರೆಹೊರೆ ಅಂದ್ರೆ ಅಷ್ಟೇ ತಾನೇ. ಈ ಮಂಡಿನೋವು ಇಟ್ಕೊಂಡು ನಾನೂ ತಳ್ಳಿದೀನಿ. ಆದ್ರೆ ಈಗ ಆ ಕೂಗು ಕಿವಿಗೆ ಬಿದ್ರೆ ನಾನು ಎದ್ದು ಕಿಟಕಿ ಮುಚ್ಚಿಬಿಡ್ತೀನಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಕೂತು ಕೇಳಿ.

ನನ್ನ ಹೆಸರು ಒನೆಲಿಯಾ. ಏರುಬೀದಿಯಲ್ಲಿ ನನ್ನ ಮನೆ, ಪಕ್ಕದ್ದು ಫಿಲಿಬರ್ತೊನ ಮನೆ. ಅವನ ಹೆಂಡತಿ ಎದೆಲ್ಮಿರಾ ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಎರಡು ಮನೆ ನಡುವಿನ ಗೋಡೆಯಲ್ಲಿ ಒಂದು ಇಟ್ಟಿಗೆ ಕಿತ್ತು ಕಿಂಡಿ ಮಾಡ್ಕೊಂಡಿದ್ವಿ. ಅವಳು ಕಾಫಿ ಸೋಸಿದ್ರೆ ನನ್ನ ಲೋಟ ಆ ಕಿಂಡೀಲಿ ಬರ್ತಿತ್ತು, ನಾನು ಸೀಬೆಹಣ್ಣಿನ ಹಲ್ವ ಮಾಡಿದ್ರೆ ಅವಳ ಪಾಲು ಅದೇ ಕಿಂಡೀಲಿ ಹೋಗ್ತಿತ್ತು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಈಚೀಚೆಗೆ ಹೃದಯವೂ ಸೋತಿತ್ತು. ಉಸಿರು ಕಟ್ಟಿದ್ರೆ ಆಸ್ಪತ್ರೆಗೆ ಓಡಬೇಕು. ಕರ್ಕೊಂಡು ಓಡೋಕೆ ಇದ್ದದ್ದು ಒಂದೇ, ಫಿಲಿಬರ್ತೊನ ಕಾರು.

ಆ ಕಾರು ಅವನ ಅಪ್ಪ ಬಿಟ್ಟುಹೋದದ್ದು. ಐವತ್ತೆರಡನೇ ಇಸವಿಯ ಅಮೆರಿಕನ್ ಡಾಜ್, ಆಕಾಶನೀಲಿ ಬಣ್ಣ. ಮೈ ಮಾತ್ರ ಡಾಜ್, ನೆನಪಿರಲಿ. ಮೊದಲಿನ ಪೆಟ್ರೋಲ್ ಎಂಜಿನ್ ಯಾವ ಕಾಲದಲ್ಲೋ ಗುಜರಿಗೆ ಹೋಯ್ತು, ಈಗ ಒಳಗಿರೋದು ಒಂದು ಸಣ್ಣ ಲಾರಿಯಿಂದ ಇಳಿಸಿದ ಡೀಸೆಲ್ ಎಂಜಿನ್. ಗೇರು ಯಾವುದೋ ಜೀಪಿಂದು, ಸ್ಟೀರಿಂಗು ರಷ್ಯಾದ ಕಾರಿಂದು. ನಮ್ಮೂರಲ್ಲಿ ಯಾವ ಕಾರಿಗೂ ಅದರದೇ ಕರುಳಿಲ್ಲ. ಆದ್ರೂ ಯಾರಾದ್ರೂ ಕೇಳಿದ್ರೆ ಫಿಲಿಬರ್ತೊ ಎದೆಯುಬ್ಬಿಸಿ ಹೇಳೋನು, "ಡಾಜ್, ಐವತ್ತೆರಡರದ್ದು" ಅಂತ.

ಬ್ಯಾಟರಿ ತರೋಕೆ ಹೋದಾಗಲೂ ಅದನ್ನೇ ಹೇಳಿದ. ಹಳೇದು ಪೂರಾ ಸತ್ತಿತ್ತು. ಬ್ಯಾಟರಿ ಕೂರೋ ತಟ್ಟೆಯ ಅಳತೆಯನ್ನ ದಾರದಲ್ಲಿ ಹಿಡಿದು, ಆ ದಾರಕ್ಕೆ ಗಂಟು ಹಾಕ್ಕೊಂಡು ಹೊಲ್ಗೀನ್ ಪೇಟೆಗೆ ಹೋದ. ಯಾವ ಕಾರಿಗೆ ಅಂತ ಮಾರೋನು ಕೇಳಿದ್ದಕ್ಕೆ ಇವನು ಡಾಜ್ ಅಂದ. ಅವನು ಪೆಟ್ರೋಲ್ ಕಾರಿಗೆ ಆಗೋವಂಥ ಒಂದನ್ನ ಕೊಟ್ಟ. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ತಟ್ಟೆಯಲ್ಲಿ ಸರಿಯಾಗಿ ಕೂತಿತು, ತಂತಿ ಎಟುಕಿತು, ಫಿಲಿಬರ್ತೊಗೆ ಅಷ್ಟು ಸಾಕಾಯ್ತು.

ಎದೆಲ್ಮಿರಾಳ ತಂಗಿ ಸೊಯ್ಲಾ ಇದ್ದಾಳಲ್ಲ, ಅವಳು ಕೈಗಾರಿಕಾ ಶಾಲೆಯಲ್ಲಿ ವಾಹನಗಳ ಕರೆಂಟಿನ ಕೆಲಸ ಕಲಿಸೋ ಟೀಚರು. ಭಾವ ನಾದಿನಿಗೆ ಮೊದಲಿಂದ ಜಟಾಪಟಿ, ಒಬ್ಬರನ್ನ ಕಂಡ್ರೆ ಇನ್ನೊಬ್ಬರಿಗೆ ಬಾಯಿ ತುರಿಸುತ್ತೆ. ಆ ಭಾನುವಾರ ಊಟಕ್ಕೆ ಬಂದವಳು ಕಾರಿನ ಮುಚ್ಚಳ ಎತ್ತಿ ನೋಡಿದಳು.

"ಭಾವ, ಈ ಬ್ಯಾಟರಿ ಯಾರಿಗೆ ತಂದ್ರಿ?"

"ಯಾರಿಗೆ ಅಂದ್ರೆ? ಡಾಜ್‌ಗೆ."

"ಡಾಜ್ ಸತ್ತು ಎಷ್ಟು ಕಾಲ ಆಯ್ತು! ಒಳಗಿರೋದು ಲಾರಿ. ಲಾರಿ ಹೊಟ್ಟೆಗೆ ಮಗುವಿನ ತುತ್ತು ಹಾಕಿದ್ರೆ ಸಾಕಾಗುತ್ತಾ?"

"ನಾದಿನಿ, ನಿನ್ನ ಬಾಯಿ ಒಂದಿದ್ರೆ ಬ್ಯಾಟರಿ ಯಾಕೆ, ಕಾರು ಹೆದರ್ಕೊಂಡೇ ಓಡುತ್ತೆ" ಅಂದ ಫಿಲಿಬರ್ತೊ. ನಾವೆಲ್ಲ ನಕ್ವಿ. ಎದೆಲ್ಮಿರಾ ನಕ್ಕು ನಕ್ಕು ಕೆಮ್ಮಿದಳು, ನಾನು ಬೆನ್ನು ಸವರಿದೆ.

ಸೊಯ್ಲಾ ನಗಲಿಲ್ಲ. ಡೀಸೆಲ್ ಎಂಜಿನ್ ಬಿಗಿ, ಅದನ್ನ ಮೊದಲ ಸುತ್ತು ತಿರುಗಿಸೋಕೆ ಪೆಟ್ರೋಲ್ ಎಂಜಿನ್ನಿಗಿಂತ ತುಂಬಾ ಜಾಸ್ತಿ ಬಲ ಬೇಕು, ಆ ಬಲ ಎಷ್ಟು ಅಂತ ಬ್ಯಾಟರಿ ಮೈಮೇಲೆ ಬರೆದಿರುತ್ತೆ, ಅದನ್ನ ಓದಬೇಕು ಅಂತ ಬಿಡಿಸಿ ಹೇಳಿದಳು. ಆಮೇಲೆ ಉಗುರಲ್ಲಿ ಬ್ಯಾಟರಿಯ ಅಂಚು ಕೆರೆದಳು. ಹೊಸ ಬಣ್ಣದ ಅಡಿಯಲ್ಲಿ ಹಳೇ ಬಿಳಿ ಬಣ್ಣ ಕಾಣ್ತು. ಯಾರೋ ಹಳೇ ಬ್ಯಾಟರಿ ಬಿಚ್ಚಿ, ತೊಳೆದು, ಆಸಿಡ್ ತುಂಬಿ, ಬಣ್ಣ ಬಳಿದು ಹೊಸ ಚೀಟಿ ಅಂಟಿಸಿದ್ರು. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಹಾಗೆ.

"ವಾಪಸ್ ಕೊಡಿ ಭಾವ. ಅಕ್ಕನ ಉಸಿರು ಇದರ ಮೇಲೆ ನಿಂತಿದೆ."

ಅವನು ಬೀದಿ ಕಡೆ ಕೈ ತೋರಿಸಿದ. "ದೇವರು ಮನೆ ಮುಂದೆ ಇಳಿಜಾರು ಕೊಟ್ಟಿದಾನೆ. ಕೆಳಮುಖ ನಿಲ್ಸಿ ಬ್ರೇಕ್ ಬಿಟ್ಟು, ಉರುಳ್ತಾ ಗೇರ್ ಹಾಕಿದ್ರೆ ಸ್ಟಾರ್ಟ್, ಮುಗೀತು. ಇಳಿಜಾರು ಯಾವತ್ತಾದ್ರೂ ಕೆಟ್ಟಿದ್ದು ನೋಡಿದೀಯಾ?"

ನಮ್ಮ ಊರಿನವರೆಲ್ಲ ಹೀಗೇ. ಕಾರು ಎಲ್ಲಿ ನಿಲ್ಲಿಸಬೇಕು ಅಂದ್ರೆ ನೆರಳು ನೋಡಲ್ಲ, ಇಳಿಜಾರು ನೋಡ್ತೀವಿ. ಅವನು ಸಮತಟ್ಟು ಜಾಗಕ್ಕೆ ಹೋದ್ರೆ ಎಂಜಿನ್ ಆರಿಸ್ತಾನೇ ಇರಲಿಲ್ಲ, ಹಾಗೇ ಗುಡುಗುಡು ಬಿಟ್ಟಿರ್ತಿದ್ದ. ಸೊಯ್ಲಾ ಮತ್ತೂ ಒಂದು ಸಲ ಹೇಳಿದಳು, ಎದೆಲ್ಮಿರಾನೇ ಅವಳ ಬಾಯಿ ಮುಚ್ಚಿಸಿದಳು. ಬಿಡು ಸೊಯ್ಲಾ, ಪಾಪ, ಅವನಿಗೂ ಸಾಕಾಗಿದೆ ಅಂದಳು. ಗಂಡನನ್ನ ಯಾರೂ ಸೋಲಿಸಬಾರದು ಅವಳಿಗೆ.

ಜುಲೈ ತಿಂಗಳ ಬಿಸಿಲಲ್ಲಿ ಇಬ್ಬರೂ ಎದೆಲ್ಮಿರಾಳ ಸೋದರತ್ತೆಯನ್ನ ನೋಡ್ಕೊಂಡು ಹಳ್ಳಿಯಿಂದ ವಾಪಸ್ ಬರ್ತಿದ್ರು. ಮುಂದಿನ ಕಥೆ ಫಿಲಿಬರ್ತೊ ಹೇಳಿದ್ದು. ಎದೆಲ್ಮಿರಾಳ ಹೆಣದ ಮುಂದೆ ಜಾಗರಣೆ ಕೂತಾಗ, ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿದ. ನಿಲ್ಲಿಸು ಅಂದ್ರೂ ನಿಲ್ಲಿಸಲಿಲ್ಲ.

ದಾರಿಯಲ್ಲಿ ಎರಡೂ ಕಡೆ ಕಬ್ಬು. ನೆಲ ಅಂಗೈ ಹಾಗೆ ಮಟ್ಟಸ. ಎದೆಲ್ಮಿರಾಗೆ ಉಸಿರು ಸಣ್ಣಗೆ ಹಿಡ್ಕೊಳ್ತು. ಮರದ ನೆರಳು ಕಂಡು ಅವನು ಕಾರು ನಿಲ್ಲಿಸಿದ. ಡೀಸೆಲ್ ಹೊಗೆ ಸುತ್ಕೊಂಡು ಒಳಗೇ ಬರ್ತಿತ್ತು, ಅವಳು ಕೆಮ್ಮಿದಳು. ಆರಿಸು ಮಾರಾಯ, ಹೊಗೆ ಕುಡಿಯೋಕೆ ಆಗ್ತಿಲ್ಲ ಅಂದಳು. ಅವನು ಆರಿಸಿದ. ಅವಳು ಮಾತ್ರೆ ನುಂಗಿ ನೀರು ಕುಡಿದು, ಉಬ್ಬಸದ ಪಂಪು ಬಾಯಿಗಿಟ್ಟು ಮದ್ದು ಎಳ್ಕೊಂಡಳು. ಕಮ್ಮಿ ಆಗಲಿಲ್ಲ. ತುಟಿ ಬಣ್ಣ ಬದಲಾಯ್ತು. ಹೋಗೋಣ ಅಂತ ಅವನು ಚಾವಿ ತಿರುಗಿಸಿದ.

ಎಂಜಿನ್ ಒಂದು ಸಲ ನರಳಿ ಸುಮ್ಮನಾಯ್ತು. ಇನ್ನೊಂದು ಸಲಕ್ಕೆ ಟಕ್ ಟಕ್ ಅಂತು, ಅಷ್ಟೇ. ದಾರಿಯಲ್ಲಿ ನರಪಿಳ್ಳೆ ಇಲ್ಲ, ನೆತ್ತಿ ಮೇಲೆ ಬಿಸಿಲು, ಫೋನಿಗೆ ಸಿಗ್ನಲ್ ಇಲ್ಲ. ಸ್ವಲ್ಪ ಮುಂದೆ ಒಂದು ಮೋರಿ ಹತ್ರ ದಾರಿ ಚೂರು ಇಳಿಯುತ್ತೆ, ಅಲ್ಲಿಗೆ ತಲುಪಿದ್ರೆ ಆಯ್ತು. ಬಾಗಿಲು ತೆಗೆದು, ಒಂದು ಕೈ ಸ್ಟೀರಿಂಗ್ ಮೇಲಿಟ್ಟು, ಭುಜ ಕೊಟ್ಟು ತಳ್ಳಿದ. ಆ ಕಾಲದ ಕಾರು, ಬರೀ ಕಬ್ಬಿಣ, ಮೇಲೆ ಲಾರಿ ಎಂಜಿನ್ನು. ಅಲ್ಲಾಡಲಿಲ್ಲ. ಅವನು ತಳ್ಳಿದ, ಬೈದ, ಅತ್ತ, ಮತ್ತೆ ತಳ್ಳಿದ.

ಆಮೇಲೆ ಕಾರು ಮೆಲ್ಲಗೆ ಕದಲಿತು. ತನ್ನ ಬಲವೇ ಅಂದ್ಕೊಂಡನಂತೆ. ಹಿಂತಿರುಗಿ ನೋಡಿದ್ರೆ ಎದೆಲ್ಮಿರಾ ಹಿಂದೆ ನಿಂತು ತಳ್ತಿದಾಳೆ. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಎರಡೂ ಅಂಗೈ ಊರಿ, ತಲೆ ತಗ್ಗಿಸ್ಕೊಂಡು ತಳ್ತಿದಾಳೆ. ಕಾರು ಹತ್ತೇ ಅಂತ ಕಿರುಚಿದನಂತೆ. ಅವಳು ತಲೆ ಎತ್ತದೆ ಕೈ ಬೀಸಿ, ಮುಂದೆ ನೋಡು ಅಂದಳಂತೆ. ಹುಟ್ಟಿದಾಗಿಂದ ಕಾರು ತಳ್ಳಿ ಬೆಳೆದವಳು, ಕಾರು ನಿಂತ್ರೆ ಇಳೀಬೇಕು ಅನ್ನೋದು ಅವಳ ಮೈಗೇ ಗೊತ್ತಿತ್ತು.

ಕಾರು ಮೋರಿ ಹತ್ರ ಇಳಿದು ಸ್ಟಾರ್ಟ್ ಆಯ್ತು. ಅವಳು ನಿಧಾನಕ್ಕೆ ನಡ್ಕೊಂಡು ಬಂದು ತನ್ನ ಜಾಗದಲ್ಲಿ ಕೂತಳು.

"ಆಯ್ತಲ್ಲ, ನಡಿ" ಅಂದಳು.

ಅದಾದ ಮೇಲೆ ಅವಳು ಮಾತಾಡಲಿಲ್ಲ. ಹಿಬಾರಾ ಚರ್ಚಿನ ಗೋಪುರ ಕಂಡಾಗ, ನೋಡು ಬಂದೇಬಿಡ್ತು ಅಂತ ಅವನು ಕೈ ಮುಟ್ಟಿದ. ಅವಳ ಕೈ ಜಾರಿ ಬಿತ್ತು. ಆಸ್ಪತ್ರೆ ಬಾಗಿಲಲ್ಲೂ ಅವನು ಎಂಜಿನ್ ಆರಿಸಲಿಲ್ಲ. ಡಾಕ್ಟರು ಹೊರಗೆ ಬಂದು ಹೇಳೋವರೆಗೂ ಅದು ಗುಡುಗುಡು ಅಂತಲೇ ಇತ್ತು.

ನನಗೆ ಅವನ ಮೇಲೆ ಸಿಟ್ಟಿದೆ. ಇವತ್ತಿಗೂ ಇದೆ, ಮುಚ್ಚಿಡೋದೇನು. ಸಿಟ್ಟಿನ ಜೊತೆಗೆ ಅವನನ್ನ ನೋಡಿದ್ರೆ ಕರುಳು ಹಿಂಡುತ್ತೆ. ಅವಳ ಚಪ್ಪಲಿ ಆ ಮರದ ಕೆಳಗೇ ಉಳಿದಿತ್ತು. ಮಾರನೇ ದಿನ ಮಣ್ಣು ಮಾಡಿ ಬಂದವನು ಸೀದಾ ನಡ್ಕೊಂಡು ಹೋಗಿ ಅದನ್ನ ತಂದ. ಗೋಡೆಯ ಕಿಂಡೀಲಿ ಕಾಫಿ ಬರೋದು ನಿಂತಿತು. ಕಿಂಡಿಗೆ ಇಟ್ಟಿಗೆ ಇಡೋಕೆ ನನಗೆ ಮನಸ್ಸು ಬರಲಿಲ್ಲ.

ಕಾರು ಇಳಿಜಾರಲ್ಲೇ ಧೂಳು ತಿಂತಾ ನಿಂತಿತು. ಬ್ಯಾಟರಿ ಅಂದ್ರೆ ಅವನು ಎದ್ದು ಒಳಗೆ ಹೋಗೋನು. ಸೊಯ್ಲಾ ವಾರಕ್ಕೊಮ್ಮೆ ಬಂದು ಅನ್ನ, ಕಪ್ಪು ಬೀನ್ಸ್ ಕಾಳಿನ ಸಾರು ಮಾಡಿಟ್ಟು ಹೋಗೋಳು. ಒಂದು ದಿನವೂ ನಾನು ಹೇಳಿರಲಿಲ್ವಾ ಅಂತ ಅನ್ನಲಿಲ್ಲ. ಅಂದಿದ್ರೇ ಅವನಿಗೆ ಹಗುರ ಆಗ್ತಿತ್ತೋ ಏನೋ.

ಫಿಲಿಬರ್ತೊನ ಮಗಳು ಮಾಯ್ದೆಲಿನ್. ಮಾಯ್ದೆಲಿನ್‌ಳ ಮಗಳು ಲೆಯಾನಿ, ಈಗ ಒಂಬತ್ತು ನಡೀತಿದೆ. ಆ ಮಗುವಿಗೆ ಅಜ್ಜಿಯ ಕಣ್ಣು ಬಂದಿದೆ, ಅಜ್ಜಿಯ ಉಬ್ಬಸವೂ ಬಂದಿದೆ. ಚಳಿಗಾಳಿ ಶುರುವಾದಾಗ ಮಗುವಿನ ಎದೆ ಗುಯ್ಗುಟ್ಟೋಕೆ ಹತ್ತಿತು. ಹೊಲ್ಗೀನ್‌ನ ದೊಡ್ಡಾಸ್ಪತ್ರೆಯಲ್ಲಿ ತೋರಿಸ್ತಾ ಇರಬೇಕು ಅಂದ್ರು ಇಲ್ಲಿನ ಡಾಕ್ಟರು. ಕಾರು ಒರೆಸಿ ಇಡ್ತೀನಿ ಅಂತ ಫಿಲಿಬರ್ತೊ ಎದ್ದ. ಮಗಳು ಅಡ್ಡ ನಿಂತಳು.

"ಅಪ್ಪ, ಆ ಕಾರಲ್ಲಿ ನನ್ನ ಮಗೂನ ಕೂರಿಸಲ್ಲ. ಅಮ್ಮನ್ನ ಕೂರಿಸಿದ್ದೇ ಸಾಕು."

ಅವನು ಟೋಪಿ ಹಾಕ್ಕೊಂಡು ಸೀದಾ ಸೊಯ್ಲಾ ಮನೆಗೆ ಹೋದ. ಬಾಗಿಲಲ್ಲೇ ನಿಂತು, "ನಾದಿನಿ, ಯಾವ ಬ್ಯಾಟರಿ ತರಬೇಕು ಹೇಳಿಕೊಡು" ಅಂದನಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತ ಗಾದೆ ಇದೆಯಲ್ಲ, ಅದನ್ನ ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ.

ಸೊಯ್ಲಾ ಮೊದಲು ಬ್ಯಾಟರಿ ಸುದ್ದಿಗೇ ಹೋಗಲಿಲ್ಲ. ಮೀಟರ್ ತಂದು, ಕಾರು ತಳ್ಳಿಸಿ ಸ್ಟಾರ್ಟ್ ಮಾಡಿಸಿ, ಎಂಜಿನ್ ಓಡ್ತಿರೋವಾಗ ಬ್ಯಾಟರಿಗೆ ಎಷ್ಟು ಚಾರ್ಜ್ ಬರ್ತಿದೆ ಅಂತ ನೋಡಿದಳು. ಹದಿನಾಲ್ಕು ವೋಲ್ಟಿನ ಆಸುಪಾಸು ಇರಬೇಕಿತ್ತು, ಹನ್ನೆರಡೂವರೆ ತೋರಿಸ್ತು. ಚಾರ್ಜ್ ಮಾಡೋ ಡೈನಮೋನೇ ಕೆಟ್ಟಿತ್ತು. ಹೀಗಿರೋವಾಗ ಚಿನ್ನದಂಥ ಬ್ಯಾಟರಿ ಹಾಕಿದ್ರೂ ಸಾಯುತ್ತೆ ಭಾವ, ಹದ ಮೀರಿ ಜಾಸ್ತಿ ಚಾರ್ಜ್ ಬಂದ್ರೂ ಬೆಂದು ಸಾಯುತ್ತೆ ಅಂದಳು. ಅದನ್ನ ರಿಪೇರಿ ಮಾಡಿಸಿದ್ರು. ಹಸಿರು ಹಿಡಿದ ತಂತಿಯ ತುದಿಗಳನ್ನ ಬಿಸಿನೀರು, ಸೋಡಾಪುಡಿ ಹಾಕಿ ತಿಕ್ಕಿದ್ರು. ಆಮೇಲೆ ಪೇಟೆಗೆ ಹೋದ್ರು, ನಾನೂ ಹೋಗಿದ್ದೆ.

ಈ ಸಲ ಮಾರೋನು ಯಾವ ಕಾರಿಗೆ ಅಂತ ಕೇಳಿದಾಗ ಫಿಲಿಬರ್ತೊ ಟೋಪಿ ತೆಗೆದು ಕೈಲಿ ಹಿಡ್ಕೊಂಡ. "ಕಾರು ಬಿಡಪ್ಪ. ಎಂಜಿನ್ ಲಾರೀದು, ಡೀಸೆಲ್" ಅಂದ. ಎಂಜಿನ್ನಿನ ಹೆಸರು, ಅಳತೆ ಹೇಳಿದ. ಅಪ್ಪನ ಡಾಜನ್ನ ಅವನು ಬಾಯ್ಬಿಟ್ಟು ಬಿಟ್ಕೊಟ್ಟದ್ದು ಅವತ್ತೇ. ನನಗೆ ಕಣ್ಣು ತುಂಬ್ಕೊಳ್ತು.

ಮಾರೋನು ಒಂದು ತೋರಿಸಿದ. ಸೊಯ್ಲಾ ಅದರ ಮೈ ತಡವಿ ತಯಾರಾದ ತಾರೀಖು ಹುಡುಕಿದಳು, ತುಂಬಾ ದಿನ ಮೂಲೇಲಿ ಬಿದ್ದಿದ್ದು ಅಂತ ವಾಪಸ್ ಇಟ್ಟಳು. ಇನ್ನೊಂದರ ಮುಚ್ಚಳದ ಅಂಚಲ್ಲಿ ಬಿಚ್ಚಿ ಅಂಟಿಸಿದ ಗುರುತಿತ್ತು, ಅದನ್ನೂ ಬೇಡ ಅಂದಳು. ಮಾರೋನು ಗೊಣಗಿದ. ಗೊಣಗ್ಲಿ. ಮೂರನೇದು ತಾಜಾ ಇತ್ತು, ಸ್ಟಾರ್ಟ್ ಮಾಡೋ ಬಲ ಎಂಜಿನ್ನಿಗೆ ಬೇಕಾದಷ್ಟಿತ್ತು, ಪ್ಲಸ್ಸು ಮೈನಸ್ಸು ನಮ್ಮ ತಂತಿ ಎಟುಕೋ ಕಡೆಗೇ ಇದ್ವು. ತಟ್ಟೆಗೆ ಮಾತ್ರ ದೊಡ್ಡದಾಯ್ತು. ಹಾಗಾದ್ರೆ ತಟ್ಟೆ ಬದಲಾಯಿಸ್ತೀನಿ ಅಂದ ಫಿಲಿಬರ್ತೊ. ಮನೆಗೆ ಬಂದು ಹೊಸ ತಟ್ಟೆ ಬೆಸುಗೆ ಹಾಕಿಸಿ, ಅಲ್ಲಾಡದ ಹಾಗೆ ಪಟ್ಟಿ ಬಿಗಿದ.

ಮಗುವನ್ನ ತೋರಿಸೋ ದಿನ ಬಂತು. ಅವನು ಕಾರನ್ನ ಇಳಿಜಾರಿಂದ ತೆಗೆದು, ಕೆಳಗಿನ ಚೌಕದ ಮಟ್ಟಸ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿದ. ಬೇಕು ಅಂತಲೇ. ಮಾಯ್ದೆಲಿನ್ ಚಿಕ್ಕಮ್ಮನ ಮಾತಿಗೆ ಒಪ್ಪಿ, ಮುಖ ಗಂಟುಹಾಕ್ಕೊಂಡೇ ಹಿಂದೆ ಹತ್ತಿದಳು, ಸೊಯ್ಲಾ ಪಕ್ಕದಲ್ಲಿ. ಲೆಯಾನಿ ಅಜ್ಜಿ ಕೂರ್ತಿದ್ದ ಜಾಗದಲ್ಲಿ, ಮುಂದೆ ಕೂತಳು. ನಾನು ದಾರಿಗೆ ಅಂತ ಹಲ್ವ ಕೊಡೋಕೆ ಕಿಟಕಿ ಹತ್ರ ನಿಂತಿದ್ದೆ.

ತಾತ ಚಾವಿಗೆ ಕೈ ಹಾಕಿದ್ದೇ ತಡ, ಮಗು ಬಾಗಿಲು ತೆಗೆದು ಕಾಲು ಕೆಳಗಿಟ್ಟಿತು. ಎದೆ ಗುಯ್ಗುಡ್ತಿದೆ, ಆದ್ರೂ ಬಗ್ಗಿ ಚಪ್ಪಲಿ ಬಿಚ್ಚೋಕೆ ಹೋಯ್ತು. ಕಾರು ಅಂದ್ರೆ ಇಳಿದು ತಳ್ಳಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ನಮ್ಮನ್ನೆಲ್ಲ ನೋಡಿ ಕಲಿತಿತ್ತು.

ಫಿಲಿಬರ್ತೊ ಅದರ ತೋಳು ಹಿಡ್ಕೊಂಡ.

"ಇಳೀಬೇಡ ಮಗಾ. ಕೂತ್ಕೋ."

ಚಾವಿ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ ಹತ್ಕೊಳ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾಯ್ದೆಲಿನ್ ಹಿಂದಿನಿಂದ ಬಗ್ಗಿ ಅಪ್ಪನ ಹೆಗಲ ಮೇಲೆ ಕೈ ಇಟ್ಟಳು. ಅವನು ಸ್ಟೀರಿಂಗಿಗೆ ಹಣೆ ಊರಿ ಸ್ವಲ್ಪ ಹೊತ್ತು ಅತ್ತು, ಕಣ್ಣೊರೆಸ್ಕೊಂಡು ಹೊರಟ.

ಇದನ್ನ ಕೇಳ್ತಿರೋ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೇಲೂ ಹಳೇ ಕಾರಿದ್ರೆ ಇವತ್ತೇ ಮುಚ್ಚಳ ಎತ್ತಿ ನೋಡಿ. ಮೂತಿ ಮೇಲಿನ ಹೆಸರು ಹೇಳಿ ಬ್ಯಾಟರಿ ಕೇಳಬೇಡಿ, ಒಳಗೆ ಯಾವ ಎಂಜಿನ್ ಇದೆಯೋ ಅದಕ್ಕೆ ಕೇಳಿ. ಡೀಸೆಲ್ ಆದ್ರೆ ಸ್ಟಾರ್ಟ್ ಮಾಡೋ ಬಲ ಎಷ್ಟಿದೆ ಅಂತ ಓದಿಸಿ. ತಾರೀಖು ನೋಡಿ, ಬಣ್ಣಕ್ಕೆ ಮರುಳಾಗಬೇಡಿ. ಹೊಸದು ಹಾಕೋಕೆ ಮುಂಚೆ ಚಾರ್ಜ್ ಸರಿಯಾಗಿ ಬರ್ತಿದೆಯಾ ಅಂತ ತಿಳಿದವರ ಹತ್ರ ನೋಡಿಸಿ. ಗೊತ್ತಿಲ್ಲ ಅಂದ್ರೆ ಕೇಳಿ, ಕೇಳೋಕೆ ನಾಚ್ಕೋಬೇಡಿ. ಇಳಿಜಾರು ಮನೆ ಮುಂದೆ ಇರುತ್ತೆ, ದಾರಿಯುದ್ದಕ್ಕೂ ಇರಲ್ಲ.

ನಿಮ್ಮ ಮನೇಲೂ ಉಸಿರಿಗೆ ಕಷ್ಟಪಡೋರು, ಬಸುರಿ, ಮುದುಕರು ಯಾರಾದ್ರೂ ಇದ್ದೇ ಇರ್ತಾರೆ. ಅವರನ್ನ ಕಾರಿಂದ ಇಳಿಸಬೇಡಿ.