ಹಸಿರು ಬಣ್ಣದಡಿಯ ಬಿರುಕು

ಡ್ಯಾರೆನ್ ಪಿಲ್ಲಿಂಗ್‌ನ ಎಡಗಣ್ಣಿಗೆ ಈಗ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ತಿಳಿಯುತ್ತದೆ. ಅದಕ್ಕೆ ಕಾರಣ ನಾನು. ಕೋರ್ಟಿನಲ್ಲಿ ಒಪ್ಪಿಕೊಂಡಿದ್ದೇನೆ, ಇಲ್ಲಿಯೂ ಒಪ್ಪಿಕೊಳ್ಳುತ್ತೇನೆ. ಆದರೆ ಕೋರ್ಟಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಇಲ್ಲಿ ಮೊದಲಿನಿಂದ ಹೇಳಬಹುದು.

ನನ್ನ ಹೆಸರು ಡೋರಿನ್ ಕ್ರಾಬ್‌ಟ್ರೀ. ಬೇಕಪ್ ಊರಿನ ಅಂಚಿನಲ್ಲಿ, ಹಿಂದೆ ಚಪ್ಪಲಿ ಕಾರ್ಖಾನೆಯಾಗಿದ್ದ ಒಂದು ಶೆಡ್ಡಿನಲ್ಲಿ ನಮ್ಮ ಗ್ಯಾರೇಜಿತ್ತು. ಬೈಕುಗಳಿಗೆ ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆ ಆಗಲೇಬೇಕಲ್ಲ, ನಮ್ಮದು ಅದೊಂದೇ ಕೆಲಸ. ನಾನು ಹದಿನೇಳು ವರ್ಷ ಕೌಂಟರಿನಲ್ಲಿ ಕೂತೆ. ತಪಾಸಣೆ ಮಾಡುತ್ತಿದ್ದವನು ಎಡ್ಗರ್ ವಿಟ್‌ವರ್ತ್. ಅರವತ್ತೊಂದು ವರ್ಷ, ಉದ್ದ ಕಾಲು, ಬಾಗಿದ ಬೆನ್ನು. ಮಾತಾಡಿದರೆ ಪಕ್ಕದವನಿಗೇ ಕೇಳಿಸದಷ್ಟು ಮೆಲುದನಿ.

ಈ ಕೆಲಸದಲ್ಲಿ ಜನರ ಸಿಟ್ಟು ಹೊಸದೇನಲ್ಲ. ಹತ್ತು ಗಾಡಿ ಬಂದರೆ ಎರಡಾದರೂ ಫೇಲಾಗುತ್ತವೆ. ಹೆಚ್ಚಿನವು ಚಿಲ್ಲರೆ ಕಾರಣಕ್ಕೆ: ಬ್ರೇಕ್ ಲೈಟು ಹತ್ತುವುದಿಲ್ಲ, ಹಾರ್ನು ಗೊರಗೊರ ಎನ್ನುತ್ತದೆ, ಹಿಂದಿನ ಟೈರು ನಡುವೆ ಬೋಳಾಗಿರುತ್ತದೆ. ಇನ್ನು ಕೆಲವರು ತಪಾಸಣೆಯ ದಿನಕ್ಕೆಂದೇ ಗೆಳೆಯನ ಸೈಲೆನ್ಸರ್ ಎರವಲು ತಂದು ಹಾಕಿಕೊಂಡು ಬರುತ್ತಾರೆ. ಫೇಲಾದ ಚೀಟಿ ಕೈಗೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು.

"ನೆನ್ನೆ ಉರೀತಿತ್ತು ಎಡ್ಗರ್, ದೇವರಾಣೆ!"

"ಹಾಗಾದ್ರೆ ನೆನ್ನೆ ಬರಬೇಕಿತ್ತು," ಎನ್ನುತ್ತಿದ್ದ ಎಡ್ಗರ್. "ನೆನ್ನೆ ಪಾಸ್ ಮಾಡ್ತಿದ್ದೆ."

ಬೈಯುತ್ತಿದ್ದರು, ಚೀಟಿ ಹರಿದು ಎಸೆಯುತ್ತಿದ್ದರು, ಒಬ್ಬ ಅವನ ಟೀ ಲೋಟಕ್ಕೇ ಉಗಿದಿದ್ದ. ಎಡ್ಗರ್ ಲೋಟ ತೊಳೆದುಕೊಂಡು ಬಂದು ಮುಂದಿನ ಗಾಡಿ ನೋಡಿದ. ಅವನು ಒಮ್ಮೆಯೂ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

ಅದು ಮೇ ತಿಂಗಳ ಶನಿವಾರ. ಸೋಮವಾರ ರಜೆ ಇದ್ದದ್ದರಿಂದ ಊರಿನ ಬೈಕುಗಳೆಲ್ಲ ಸಮುದ್ರತೀರದ ಕಡೆ ಹೊರಟಿದ್ದವು. ಹತ್ತೂವರೆಗೆ ಡ್ಯಾರೆನ್ ಬಂದ. ಅವನನ್ನು ಊರಿಗೆಲ್ಲ ಗೊತ್ತು; ಛಾವಣಿಗೆ ಹೆಂಚು ಹೊದಿಸುವವನು, ಗೂಳಿಯಂಥ ಕುತ್ತಿಗೆ, ನಗುವಾಗ ಚೆಲುವ. ಹಳೆಯ, ಉಕ್ಕಿನ ಚೌಕಟ್ಟಿನ ದೊಡ್ಡ ಗಾಡಿ. ಹಸಿರು ಬಣ್ಣ ಹೊಸದಾಗಿ ಬಳಿದಿದ್ದ. ಹಿಂದಿನ ಸೀಟಿನಿಂದ ಅವನ ಹೆಂಡತಿ ಲಿಂಡ್ಸೆ ಇಳಿದಳು. ಮೂವತ್ತರ ಆಸುಪಾಸು, ತೆಳ್ಳಗೆ. ಬೆನ್ನಿಗೆ ಚೀಲ.

"ಬೇಗ ಮುಗಿಸಪ್ಪ," ಎಂದ ಡ್ಯಾರೆನ್. "ಮಧ್ಯಾಹ್ನದ ಹೊತ್ತಿಗೆ ವಿಟ್‌ಬಿಯಲ್ಲಿ ಮೀನು ತಿನ್ಬೇಕು."

ಎಡ್ಗರ್ ಬೇಗ ಮುಗಿಸುವವನಲ್ಲ. ಲೈಟು ನೋಡಿದ, ಟೈರು ನೋಡಿದ, ಚೈನು ಎತ್ತಿ ನೋಡಿದ. ಚಕ್ರ ತಿರುಗಿಸುವ ರೋಲರ್ ಮೇಲೆ ನಿಲ್ಲಿಸಿ ಬ್ರೇಕು ಪರೀಕ್ಷಿಸಿದ. ಎಲ್ಲ ಸರಿಯಿತ್ತು. ಆಮೇಲೆ ಮುಂದಿನ ಬ್ರೇಕು ಬಿಗಿಹಿಡಿದು ಗಾಡಿಯನ್ನು ಹಿಂದೆ ಮುಂದೆ ಜಗ್ಗಿದ. ನಿಲ್ಲಿಸಿದ. ಟಾರ್ಚು ತೆಗೆದುಕೊಂಡು ಹ್ಯಾಂಡಲ್ ಕೆಳಗೆ, ಚೌಕಟ್ಟಿನ ಕತ್ತಿನ ಹತ್ತಿರ, ಮುಖವಿಟ್ಟು ಬಹಳ ಹೊತ್ತು ನೋಡಿದ.

"ಡೋರಿನ್," ಎಂದು ಕರೆದ. "ಈ ಬ್ರೇಕು ಸ್ವಲ್ಪ ಹಿಡ್ಕೋ."

ನಾನು ಹಿಡಿದೆ. ಅವನು ಹಿಂದಿನಿಂದ ನೂಕಿದ. ಬೆಸುಗೆಯ ಪಕ್ಕದಲ್ಲಿ ಹಸಿರು ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ ಮೂಡಿತು. ಜಗ್ಗಿದಾಗ ಮುಚ್ಚಿಕೊಂಡಿತು. ಮತ್ತೆ ನೂಕಿದ. ಮತ್ತೆ ತೆರೆಯಿತು. ಉಗುರಿನಲ್ಲಿ ಒಂದು ಚೂರು ಬಣ್ಣ ಎಬ್ಬಿಸಿದ. ಅದರಡಿ ಬೂದು ಬಣ್ಣದ ಲಪ್ಪ, ಗೋಡೆಯ ತೂತಿಗೆ ಮೆತ್ತುತ್ತಾರಲ್ಲ, ಅಂಥದ್ದು.

"ಡ್ಯಾರೆನ್, ಚೌಕಟ್ಟು ಸೀಳಿದೆ," ಎಂದ. "ಅರ್ಧ ಸುತ್ತು ಸೀಳಿದೆ. ಮೇಲೆ ಯಾರೋ ಲಪ್ಪ ಮೆತ್ತಿ ಬಣ್ಣ ಹೊಡೆದಿದಾರೆ."

"ಬರೀ ಬಣ್ಣ ಬಿಟ್ಕೊಂಡಿದೆ ಅಷ್ಟೇ."

"ಬಣ್ಣ ಅಲ್ಲ. ಬೆಟ್ಟ ಇಳಿಯೋವಾಗ ಒಂದು ಸಲ ಜೋರಾಗಿ ಬ್ರೇಕ್ ಹಾಕಿದ್ರೆ ಮುಂದಿನ ಚಕ್ರ ಗಾಡಿ ಬಿಟ್ಟು ಹೋಗುತ್ತೆ. ಅಪಾಯಕಾರಿ ಅಂತ ಬರೀತಿದೀನಿ. ಇದನ್ನ ಇಲ್ಲಿಂದ ಓಡಿಸೋ ಹಾಗಿಲ್ಲ. ವ್ಯಾನು ತರಿಸಿ ಹೇರ್ಕೊಂಡು ಹೋಗು."

ಡ್ಯಾರೆನ್ ಮೊದಲು ನಕ್ಕ. ಎಡ್ಗರ್‌ನ ಹೆಗಲ ಮೇಲೆ ಕೈಹಾಕಿ ನಯವಾಗಿ ಮಾತಾಡಿದ. ಮಂಗಳವಾರ ಬೆಸುಗೆ ಹಾಕಿಸ್ತೀನಿ, ಈಗ ಒಂದು ಚೀಟಿ ಕೊಡು, ನಾವೆಲ್ಲ ಒಂದೇ ಊರವರಲ್ವಾ ಎಂದ. ಎಡ್ಗರ್ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಲ್ಲಿ ಟೈಪು ಮಾಡತೊಡಗಿದ.

"ಹಳೇ ಸರ್ಟಿಫಿಕೇಟು ಬರೋ ಶುಕ್ರವಾರದವರೆಗೂ ಇದೆ ಕಣೋ ಮುದುಕ," ಎಂದ ಡ್ಯಾರೆನ್. ಈಗ ನಗು ಇರಲಿಲ್ಲ. "ನಿನ್ನ ಚೀಟಿ ಯಾವನಿಗೆ ಬೇಕು? ಲಿಂಡ್ಸೆ, ಹತ್ತು."

ಲಿಂಡ್ಸೆ ಬಾಗಿಲ ಹತ್ತಿರ ನಿಂತಿದ್ದಳು. ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡಿದ್ದಳು.

ಎಡ್ಗರ್ ಎದ್ದು ಅವಳ ಮುಂದೆ ಹೋಗಿ ನಿಂತ. "ಇವನು ಸಾಯೋದಾದ್ರೆ ಸಾಯಲಿ, ಅವನಿಷ್ಟ. ನೀನು ಕೂರಬೇಡ ಕಣಮ್ಮ. ನಡ್ಕೊಂಡು ಹೋಗು, ಬಸ್ಸಲ್ಲಿ ಹೋಗು. ಅದರ ಮೇಲೆ ಮಾತ್ರ ಕೂರಬೇಡ."

ಡ್ಯಾರೆನ್ ತನ್ನ ಹೆಲ್ಮೆಟ್ಟನ್ನು ಪಟ್ಟಿ ಹಿಡಿದು ಬೀಸಿದ. ಅದು ಎಡ್ಗರ್‌ನ ಬಾಯಿಗೆ ತಗುಲಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ, ಪಿಂಗಾಣಿ ತಟ್ಟೆ ಕಲ್ಲಿನ ಮೇಲೆ ಬಿದ್ದಂತೆ. ಎಡ್ಗರ್ ನಿಂತಲ್ಲಿಯೇ ಕುಸಿದ. ಗಲ್ಲದಿಂದ ರಕ್ತ ನೂಲಿನಂತೆ ಇಳಿಯಿತು. ನೆಲದ ಮೇಲೆ ಎರಡು ಹಲ್ಲು.

ನಾನು ಪೊಲೀಸರಿಗೆ ಫೋನು ಮಾಡಿದೆ. ಬರಲು ಇಪ್ಪತ್ತು ನಿಮಿಷ ಎಂದರು.

ಡ್ಯಾರೆನ್ ಲಿಂಡ್ಸೆಯ ಜಡೆ ಕೈಗೆ ಸುತ್ತಿಕೊಂಡು ಗಾಡಿಯ ಕಡೆ ಎಳೆದ. ಅವಳು ಕೂಗಲಿಲ್ಲ. ಕೂಗದೆ ಇರುವುದು ಅವಳಿಗೆ ರೂಢಿಯಾಗಿದೆ ಎಂದು ಆಗ ನನಗೆ ಹೊಳೆಯಿತು. ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಊರಿದ್ದಳು. ಸಿಮೆಂಟಿನ ಮೇಲೆ ಎರಡು ಕಪ್ಪು ಗೆರೆ ಬಿದ್ದವು. ಅವನು ತಿರುಗಿ ಅವಳ ಹೊಟ್ಟೆಗೆ ಗುದ್ದಿದ. ಅವಳು ಮಡಿಚಿಕೊಂಡಳು. ಮಡಿಚಿಕೊಂಡವಳನ್ನು ಚೀಲ ಎತ್ತಿದಂತೆ ಎತ್ತಿ ಸೀಟಿನ ಮೇಲೆ ಹಾಕಿ ಗಾಡಿ ಶುರು ಮಾಡಿದ.

ಎಡ್ಗರ್ ಎದ್ದಿದ್ದ. ಮೇಜಿನಿಂದ ಕಟಿಂಗ್ ಪ್ಲೇಯರ್ ಎತ್ತಿಕೊಂಡು ನೇರ ಹೋಗಿ ಮಂಡಿಯೂರಿದ. ಮೂವತ್ತು ವರ್ಷದಲ್ಲಿ ಒಬ್ಬರ ಗಾಡಿಗೂ ಒಂದು ಗೀರು ಬೀಳಿಸಿದವನಲ್ಲ ಅವನು. ಮುಂದಿನ ಟೈರಿನ ವಾಲ್ವನ್ನು ಬುಡದಿಂದ ಕತ್ತರಿಸಿದ. ಹಾವು ಬುಸುಗುಟ್ಟಿದಂತೆ ಗಾಳಿ ಹೋಯಿತು. ಹಿಂದಿನದನ್ನೂ ಕತ್ತರಿಸಿದ. ಆಮೇಲೆ ರಕ್ತದ ಬಾಯಿಯಲ್ಲೇ ಹೇಳಿದ: "ಈಗ ಹೋಗು."

ಡ್ಯಾರೆನ್ ಇಂಜಿನ್ ಆರಿಸಿದ. ಸಾವಧಾನವಾಗಿ ಗಾಡಿಗೆ ಸ್ಟ್ಯಾಂಡು ಹಾಕಿ ಇಳಿದ. ಗೋಡೆಗೆ ಒರಗಿಸಿದ್ದ ಕಬ್ಬಿಣದ ಪೈಪು ತೆಗೆದುಕೊಂಡು, ಪ್ಲೇಯರ್ ಹಿಡಿದಿದ್ದ ಬಲಗೈಗೆ ಬಾರಿಸಿದ. ಮೊಣಕೈ ಕೆಳಗಿನ ಎರಡು ಮೂಳೆಯೂ ಮುರಿದವು. ಕೈ ಬಾಗಬಾರದ ಕಡೆ ಬಾಗಿತು. ಎಡ್ಗರ್ ಬಿದ್ದ. ಡ್ಯಾರೆನ್ ಒದೆಯತೊಡಗಿದ. ಪಕ್ಕೆಗೆ, ಬೆನ್ನಿಗೆ, ಮತ್ತೆ ಪಕ್ಕೆಗೆ. ಪ್ರತಿ ಒದೆತಕ್ಕೂ ಒಂದೊಂದು ಮಾತು.

"ನನ್ನ! ಗಾಡಿ! ನನ್ನ! ಹೆಂಡ್ತಿ!"

ಟೈರು ಕಳಚುವ ಸಲಾಕೆ ನನ್ನ ಕೈಗೆ ಯಾವಾಗ ಬಂತು ಎಂದು ವಕೀಲರು ಕೇಳಿದರು. ನನಗೆ ಗೊತ್ತಿಲ್ಲ. ಮೊಳದುದ್ದದ ಉಕ್ಕು, ತುದಿ ಚಪ್ಪಟೆ. ಮೊದಲ ಏಟು ಅವನ ಹೆಗಲಿಗೆ ಬಿತ್ತು. ಅವನು ಪೈಪು ಎತ್ತಿಕೊಂಡು ನನ್ನತ್ತ ತಿರುಗಿದ. ಎರಡನೆಯದು ಮುಖಕ್ಕೆ. ಅವನು ಮರ ಬಿದ್ದಂತೆ ಬಿದ್ದ, ಪೈಪು ಉರುಳಿಕೊಂಡು ಹೋಯಿತು, ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡ.

ಅಲ್ಲಿಗೆ ನಿಲ್ಲಿಸಬೇಕಿತ್ತು.

ನಾನು ಅವನ ಕೈಗಳ ಮೇಲೆ ಹೊಡೆದೆ. ಬೆರಳು ಮುರಿದದ್ದು ಸಲಾಕೆಯಲ್ಲಿ ತಿಳಿಯಿತು. ಇನ್ನೊಂದು ಹೊಡೆದೆ. ಅವನು ಮಗುಚಿಕೊಂಡು ತೆವಳಲು ನೋಡಿದ. ಅವನ ಸೊಂಟಕ್ಕೆ ಮತ್ತೊಂದು ಹೊಡೆದೆ. ನನಗೆ ಐವತ್ತಾರು ವರ್ಷ, ಮಂಡಿ ನೋವು, ಚರ್ಚಿನಲ್ಲಿ ಹೂವು ಜೋಡಿಸುವವಳು ನಾನು. ತೋಳಲ್ಲಿ ಅಷ್ಟು ಬಲವಿದೆಯೆಂದು ಗೊತ್ತೇ ಇರಲಿಲ್ಲ.

"ಇನ್ನೊಂದು," ಎಂದಿತು ಒಂದು ದನಿ.

ಲಿಂಡ್ಸೆ. ಸೀಟಿನಿಂದ ಜಾರಿ ಇಳಿದು, ಹೊಟ್ಟೆ ಹಿಡಿದುಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದಳು. ಅಂಗಡಿಯಲ್ಲಿ ಇನ್ನೊಂದು ಬನ್ನು ಕೊಡಿ ಎಂದು ಕೇಳುವಷ್ಟು ಮೆತ್ತಗೆ ಮತ್ತೆ ಹೇಳಿದಳು: "ಇನ್ನೊಂದು ಹೊಡೀರಿ."

ಆ ದನಿ ಕೇಳಿ ನಾನು ಕೈ ಇಳಿಸಿದೆ. ಸಲಾಕೆ ನೆಲಕ್ಕೆ ಬಡಿದು ಟಣ್ಣೆಂದಿತು. ಅವಳು ಅದನ್ನು ಎತ್ತಿಕೊಳ್ಳಲು ಬಗ್ಗಿದಳು. ನಾನು ಅದರ ಮೇಲೆ ಕಾಲಿಟ್ಟು ಅವಳನ್ನು ತಬ್ಬಿ ಹಿಡಿದೆ. ಅವಳು ನನ್ನ ಭುಜ ಕಚ್ಚಿದಳು. ನಾನು ಬಿಡಲಿಲ್ಲ. ಪೊಲೀಸರು ಬಂದಾಗ ನಾವು ಹಾಗೆಯೇ ನಿಂತಿದ್ದೆವು.

ಶೆಡ್ಡಿನ ಮೂಲೆಯ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಮೊದಲ ಎರಡು ಏಟು ಒಬ್ಬರ ಜೀವ ಉಳಿಸಲು, ಅದನ್ನು ಯಾರೂ ತಪ್ಪೆನ್ನುವುದಿಲ್ಲ ಎಂದರು ಸರ್ಕಾರಿ ವಕೀಲರು. ಉಳಿದ ಮೂರು ಯಾರಿಗಾಗಿ ಎಂದು ಕೇಳಿದರು. ನಾನು ತಪ್ಪೊಪ್ಪಿಕೊಂಡೆ. ಹದಿನೆಂಟು ತಿಂಗಳ ಜೈಲು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ಇನ್ನೂರು ಗಂಟೆ ಸಂಬಳವಿಲ್ಲದೆ ಊರಿನ ಕೆಲಸ ಮಾಡುವಂತೆ ಆದೇಶವಾಯಿತು. ಶಿಕ್ಷೆಯವರಿಗೆ ಕೊಡುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಸ್ಮಶಾನದ ಕಳೆ ಕಿತ್ತೆ. ಡ್ಯಾರೆನ್‌ಗೆ ನಾಲ್ಕು ವರ್ಷ ಜೈಲಾಯಿತು.

ತೀರ್ಪಿನ ದಿನ ಲಿಂಡ್ಸೆ ಕೋರ್ಟಿನ ಮೊಗಸಾಲೆಯಲ್ಲಿ ನನ್ನ ಪಕ್ಕ ಬಂದು ಕೂತಳು.

"ನಿಮಗೊಂದು ವಿಷಯ ಹೇಳ್ಬೇಕು," ಎಂದಳು. "ಅವನು ಲಪ್ಪ ಮೆತ್ತೋವಾಗ ಟಾರ್ಚು ಹಿಡಿದಿದ್ದು ನಾನೇ."

ನಾನು ಅವಳ ಮುಖ ನೋಡಿದೆ.

"ಬೇರೆ ಊರಲ್ಲಿ ಅವನಿಗೆ ಗುರುತಿನವನು ಒಬ್ಬ ಇದ್ದ, ನೋಡದೇನೇ ಪಾಸ್ ಮಾಡೋನು. ಅಲ್ಲಿ ದಿನ ಸಿಗಲಿಲ್ಲ ಅಂತ ಸುಳ್ಳು ಹೇಳಿ ನಿಮ್ಮಲ್ಲಿ ಬುಕ್ ಮಾಡಿದೆ. ನಿಮ್ಮ ಎಡ್ಗರ್ ಏನನ್ನೂ ಬಿಡಲ್ಲ ಅಂತ ಎಲ್ರೂ ಬೈತಿದ್ರಲ್ಲ, ಅದಕ್ಕೇ. ನಾನು ಕೂರಲ್ಲ ಅಂದ್ರೆ ನನ್ನ ಕೊಲ್ತಿದ್ದ. ಅವರು ಬೇಡ ಅಂದ್ರೆ ಸುಮ್ಮನಾಗ್ತಾನೆ ಅನ್ಕೊಂಡೆ. ಅವರ ಮೇಲೆ ಕೈ ಮಾಡ್ತಾನೆ ಅಂತ… ನನಗೆ ತೋಚಲೇ ಇಲ್ಲ ಕಣ್ರೀ."

"ಎಡ್ಗರ್‌ಗೆ ಹೇಳಿದ್ಯಾ?"

"ಹೇಳಿದೆ. 'ಗಾಡಿನ ಸರಿಯಾದ ಜಾಗಕ್ಕೇ ತಂದಿದೀಯ' ಅಂದ್ರು. ಅಷ್ಟೇ ಅಂದಿದ್ದು."

ಅವಳೀಗ ಸ್ಕಾಟ್ಲೆಂಡಿನ ಕಡೆ ಅಕ್ಕನ ಮನೆಯಲ್ಲಿದ್ದಾಳೆ. ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತದೆ, ಅದರ ಮೇಲೆ ವಿಳಾಸ ಇರುವುದಿಲ್ಲ.

ಎಡ್ಗರ್‌ನ ಕೈಗೆ ಉಕ್ಕಿನ ಪಟ್ಟಿ ಹಾಕಿದರು. ಮೂಳೆ ಕೂಡಿತು, ಆದರೆ ಬೆರಳುಗಳಿಗೆ ಸ್ಪರ್ಶ ಸರಿಯಾಗಿ ಮರಳಲಿಲ್ಲ. ಚಕ್ರ ಹಿಡಿದು ಅಲುಗಿಸಿದರೆ ಬೇರಿಂಗಿನ ಕೂದಲೆಳೆಯಷ್ಟು ಸಡಿಲವೂ ತಿಳಿಯಬೇಕು. ಅದು ತಿಳಿಯದ ಕೈ ತಪಾಸಣೆ ಮಾಡಬಾರದು ಎಂದು ತಾನೇ ಪರವಾನಗಿ ಹಿಂದಿರುಗಿಸಿದ. ಮಾಲೀಕರು ಗ್ಯಾರೇಜು ಮುಚ್ಚಿದರು. ನಾನು ಬೇಕರಿಯೊಂದರಲ್ಲಿ ಬೆಳಗಿನ ಪಾಳಿ ಹಿಡಿದೆ.

ಭಾನುವಾರ ಚರ್ಚು ಮುಗಿಸಿ ಅವನ ಮನೆಗೆ ಹೋಗುತ್ತೇನೆ. ಎಡಗೈಯಲ್ಲಿ ಟೀ ಬಗ್ಗಿಸುತ್ತಾನೆ. ಬಹಳ ದಿನ ನಾವು ಆ ಬೆಳಗಿನ ಮಾತೇ ಎತ್ತಿರಲಿಲ್ಲ. ಹೋದ ತಿಂಗಳು ಇದ್ದಕ್ಕಿದ್ದಂತೆ ಕೇಳಿದ.

"ಡೋರಿನ್, ಅವನು ಬಿದ್ದಮೇಲೂ ಯಾಕೆ ಹೊಡೆದೆ?"

ಕೋರ್ಟಿನಲ್ಲಿ ಹೆದರಿಕೆಯಿಂದ ಹೊಡೆದೆ ಎಂದಿದ್ದೆ. ಅವನಿಗೆ ಸುಳ್ಳು ಹೇಳಲಾಗಲಿಲ್ಲ.

"ಹಿತ ಅನ್ನಿಸ್ತು ಎಡ್ಗರ್. ಅಷ್ಟು ಹಿತ ನನಗೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ."

ಅವನು ಕಿಟಕಿಯ ಕಡೆ ತಿರುಗಿದ. ಹೊರಗೆ ಗುಡ್ಡದ ಮೇಲೆ ಕುರಿಗಳು ಮೇಯುತ್ತಿದ್ದವು. ನನ್ನನ್ನು ಹೊರಗೆ ಹೋಗು ಎನ್ನುತ್ತಾನೆ ಎಂದುಕೊಂಡೆ. ಕೋಟು ಎಲ್ಲಿಟ್ಟಿದ್ದೇನೆ ಎಂದು ಕಣ್ಣಲ್ಲೇ ಹುಡುಕಿದೆ.

"ಸ್ಮಶಾನದಲ್ಲಿ ಆ ಇನ್ನೂರು ಗಂಟೆ ಮುಗಿದ್ಮೇಲೂ ನೀನು ಹೋಗಿ ಕಳೆ ಕೀಳ್ತಿದೀಯಂತೆ?" ಎಂದ.

"ಹೂಂ. ವಾರಕ್ಕೊಂದಿನ."

"ಮುಂದಿನ ವಾರ ನಾನೂ ಬರ್ತೀನಿ. ಎಡಗೈಗೂ ಒಂದು ಕೆಲಸ ಬೇಕು," ಎಂದು ಹೇಳಿ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದ.