ಬುದ್ಧನ ಫೋಟೊ ಮೇಲಿನ ಟವೆಲ್

ನನ್ನ ಹೆಸರು ಪ್ರೀತಿ. ಹೆಸರಿಗೂ ಸ್ವಭಾವಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನಮ್ಮವ್ವ ಆಡಿಕೊಳ್ಳುತ್ತಾಳೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಸುಳ್ಳಲ್ಲ. ಪ್ರತಿ ಭಾನುವಾರ ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ಹೊರಟು, ಬಸ್ಸಿನಲ್ಲಿ ಸೀಟಿಗಾಗಿ ಜಗಳ ಮಾಡಿ, ಕಮಲಾಪುರದ ಬುದ್ಧ ವಿಹಾರ ಸೇರುತ್ತೇನೆ. ಅಲ್ಲಿನ ವಂದನೆಯ ಹಾಲಿಗೆ ಹೊಂದಿಕೊಂಡ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳಿವೆ. ಊರಿನ ಯಾರು ಬೇಕಾದರೂ ಬಂದು ಬಳಸಬಹುದು. ಕಲಿಸುವುದು ನನ್ನ ಪಾಲಿನ ಕೆಲಸ.

ಕೆಟ್ಟ ಪುಟಗಳು ತೆರೆಯದಂತೆ ನಾನು ಮೊದಲೇ ಫಿಲ್ಟರ್ ಹಾಕಿದ್ದೆ. ಸಮಿತಿಯ ಅಧ್ಯಕ್ಷರಾದ ಪೀರಪ್ಪನವರಿಗೆ ಅದು ಸಾಲಲಿಲ್ಲ. "ನಿಮ್ಮ ಫಿಲ್ಟರ್ ಕಣ್ಣಿಗಿ ಕಾಣೂದಿಲ್ರಿ ಮೇಡಂ. ಮಂದಿಗಿ ಕಣ್ಣಿಗಿ ಕಾಣೂವಂಥದ್ದು ಬೇಕು," ಎಂದು ಪ್ರತಿ ಕಂಪ್ಯೂಟರಿನ ಮೇಲೂ ಗೋಡೆಗೆ ಒಂದೊಂದು ಬುದ್ಧನ ಫೋಟೊ ತೂಗುಹಾಕಿಸಿದರು. ಭಗವಾನರು ನೋಡುತ್ತಿರುವಾಗ ಹಲ್ಕಾ ಕೆಲಸ ಮಾಡಲು ಯಾರಿಗೆ ಕೈ ಬಂದೀತು ಎಂಬುದು ಅವರ ಲೆಕ್ಕ. ನಾನು ಒಳಗೊಳಗೇ ನಕ್ಕಿದ್ದೆ.

ಆ ಭಾನುವಾರ ನಾನು ಹೋದಾಗ ಕೋಣೆಯ ಬಾಗಿಲಲ್ಲಿ ಗುಂಪು ಸೇರಿತ್ತು. ಕಸ ಹೊಡೆಯಲು ಬಂದ ಬಂಡಮ್ಮ ಮೇಜು ಒರೆಸುವಾಗ ಕೊನೆಯ ಕಂಪ್ಯೂಟರಿನ ಮೌಸಿಗೆ ಬಟ್ಟೆ ತಗುಲಿತ್ತು. ಮಲಗಿದ್ದ ಪರದೆ ಎದ್ದು ಕೂತಿತ್ತು. ಅದರ ತುಂಬ ನೋಡಬಾರದ ಚಿತ್ರಗಳು, ಒಂದರ ಮೇಲೊಂದು. ನಾನು ಹೋದವಳೇ ಅದನ್ನು ಆರಿಸಿದೆ. ಆಮೇಲೆ ತಲೆ ಎತ್ತಿದರೆ ಮೇಲಿನ ಬುದ್ಧನ ಫೋಟೊಗೆ ಯಾರೋ ಚೌಕಳಿ ಟವೆಲ್ ಹೊದಿಸಿದ್ದರು.

"ಕಾಲೇಜ್ ಹುಡುಗೋರ್ದೇ ಕೆಲಸ," ಎಂದರು ಒಬ್ಬರು. "ದೇವರ ಜಾಗದಾಗ ಇಂಟರ್ನೆಟ್ ಯಾಕ ಬೇಕಿತ್ತು?" ಎಂದರು ಇನ್ನೊಬ್ಬರು. ಎಲ್ಲರಿಗಿಂತ ಜೋರಾಗಿ ಕೂಗಿದವರು ಪೀರಪ್ಪನವರೇ.

"ಬಂದ್ ಮಾಡ್ರಿ ಈ ರೂಮ್! ಇವತ್ತೇ ಕೀಲಿ ಹಾಕ್ತೀನಿ. ವಂದನಾ ಮುಗಿದ ಮ್ಯಾಲ ಎಲ್ಲಾರ ಮುಂದ ಹೇಳ್ತೀನಿ."

ಗುಂಪಿನ ಹಿಂದೆ ನಿಂತಿದ್ದ ಅವರ ಸೊಸೆ ಗೌತಮಿಯ ಮುಖ ನೋಡಿ ನನಗೆ ಸಂಕಟವಾಯಿತು. ಬರುವ ತಿಂಗಳು ಕಲಬುರಗಿಯಲ್ಲಿ ಅವಳಿಗೆ ಕೋರ್ಟಿನ ಟೈಪಿಸ್ಟ್ ಕೆಲಸದ ಪರೀಕ್ಷೆ. ಮನೆಯಲ್ಲಿ ಕಂಪ್ಯೂಟರಿಲ್ಲ. ಹುಡುಗರ ನಡುವೆ ಸೊಸೆ ಕೂತು ಕಲಿಯುವುದೇನು ಎಂದು ಬಂಧುಗಳು ಗೊಣಗಿದಾಗ, "ಆಕಿ ಹೋಗೂದು ವಿಹಾರಕ್ಕ" ಎಂದು ಅವರ ಬಾಯಿ ಮುಚ್ಚಿಸಿದವರು ಇದೇ ಮಾವ. ಕೋಣೆಗೆ ಬೀಗ ಬಿದ್ದರೆ ಗೌತಮಿಯ ಪರೀಕ್ಷೆಗೂ ಬೀಗ ಬಿದ್ದಂತೆ.

ನನ್ನ ಸಿಟ್ಟು ನೆತ್ತಿಗೇರಿತು. "ನೆಗಡಿ ಬಂತಂತ ಮೂಗು ಕೊಯ್ಕೋತಾರೇನ್ರಿ?" ಎಂದೆ. ಫೋಟೊ ಮೇಲಿನ ಟವೆಲ್ ಎಳೆದು ಎಲ್ಲರ ಮುಂದೆ ಝಾಡಿಸಿದೆ. "ಇದು ಯಾರದು? ಗಂಡಸಾದ್ರ ಮುಂದ ಬರ್ಲಿ!"

ಯಾರೂ ಬರಲಿಲ್ಲ. ಟವೆಲಿನ ಒಂದು ಅಂಚು ಹರಿದಿತ್ತು, ಅದಕ್ಕೆ ಹಸಿರು ದಾರದಲ್ಲಿ ನೀಟಾಗಿ ಹೊಲಿಗೆ ಹಾಕಲಾಗಿತ್ತು. ಅದನ್ನು ಕಂಡ ಗೌತಮಿ ಬಿಳಿಚಿಕೊಂಡಳು. ಹತ್ತಿರ ಬಂದು ನನ್ನ ಕೈಯಿಂದ ಟವೆಲ್ ತೆಗೆದುಕೊಂಡು ಮಡಚಿದಳು.

"ಬಿಡ್ರಿ ಮೇಡಂ. ರೂಮ್ ಬಂದಾದ್ರ ಆಗ್ಲಿ. ಯಾರನ್ನೂ ಹುಡುಕಬ್ಯಾಡ್ರಿ," ಎಂದಳು.

"ಮತ್ತ ನಿನ್ನ ಪರೀಕ್ಷಿ?"

"ಮುಂದಿನ ಸಲ ಬರೀತೀನ್ರಿ."

ಮುಂದಿನ ಸಲ ಎಂಬುದು ಬಾರದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇವಳಿಗೆ ಬೆನ್ನುಮೂಳೆಯೇ ಇಲ್ಲವೇ ಎಂದು ಅವಳ ಮೇಲೂ ಸಿಟ್ಟು ಬಂತು.

ಅಷ್ಟರಲ್ಲಿ ವಂದನೆಯ ಹೊತ್ತಾಯಿತು. ಎಲ್ಲರೂ ಹಾಲಿನಲ್ಲಿ ಕೂತರು. ಪಂಚಶೀಲ ಹೇಳಿಸುವುದು ಯಾವಾಗಲೂ ಪೀರಪ್ಪನವರೇ. ಅವರು ಒಂದೊಂದು ಸಾಲು ಹೇಳಬೇಕು, ಉಳಿದವರು ಹಿಂದಿನಿಂದ ಹೇಳಬೇಕು. ಕೊಲ್ಲುವುದಿಲ್ಲ ಎಂದದ್ದಾಯಿತು, ಕದಿಯುವುದಿಲ್ಲ ಎಂದದ್ದಾಯಿತು. ಮೂರನೆಯದು, ಕಾಮದಲ್ಲಿ ದಾರಿ ತಪ್ಪುವುದಿಲ್ಲ ಎನ್ನುವ ಹೊತ್ತಿಗೆ ಅವರ ದನಿ ಒಡೆಯಿತು. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬ ಶೀಲ. ಅಲ್ಲಿಗೆ ಬಂದು ಅವರು ನಿಂತುಬಿಟ್ಟರು.

ಮರೆತಿರಬೇಕೆಂದು ಮುಂದೆ ಕೂತವರೊಬ್ಬರು ಆ ಸಾಲನ್ನು ಎತ್ತಿಕೊಟ್ಟರು. ಪೀರಪ್ಪನವರು ಕೈಯಾಡಿಸಿ ತಡೆದರು.

"ಮರ್ತಿಲ್ಲಪ್ಪ. ಬಾಯಿಗಿ ಬರವಲ್ದು," ಎಂದು ನಮ್ಮ ಕಡೆ ತಿರುಗಿದರು. "ಆ ಟವೆಲ್ ನಂದೇ."

ಎಲ್ಲರ ಕಣ್ಣು ಗೌತಮಿಯ ಕೈಲಿದ್ದ ಟವೆಲಿನತ್ತ ಹೊರಳಿತು.

"ನಿನ್ನಿ ಸಂಜಿಗಿ ಕೀಲಿ ಹಾಕೂದಕ್ಕಿಂತ ಮೊದಲು ಒಬ್ಬನೇ ಕುಂತೆ. ಗೌತಮಿ ಪರೀಕ್ಷಿ ಕಲಬುರಗ್ಯಾಗ ಎಲ್ಲಿ ಅದ, ಬಸ್ ಇಳ್ದು ಹ್ಯಾಂಗ ಹೋಗಬೇಕು ನೋಡಾಮಂತ. ಯಾರನ್ನರ ಕೇಳಾಕ ನಾಚಿಕಿ, ಅಧ್ಯಕ್ಷ ನೋಡ್ರಿ ನಾ! ಒಂದೊಂದೇ ಅಕ್ಷರ ಒತ್ತಿದೆ. ಬಾಜೂಕ ಏನೋ ಮಿಣಿಮಿಣಿ ಅಂತಿತ್ತು, ಅದೇ ದಾರಿ ಇರಬೇಕಂತ ಅದನ್ನೂ ಒತ್ತಿದೆ. ಆ ಸುಡುಗಾಡು ಬಂತು. ಒಂದು ತಗೀಬೇಕಂದ್ರ ಹತ್ತು ಬರ್ತಾವ. ಬಂದ್ ಮಾಡಾಕ ಬರ್ಲಿಲ್ಲ ನನಗ. ಮ್ಯಾಲ ನೋಡಿದ್ರ ಭಗವಾನರು ನೋಡಾಕತ್ತಾರ..."

ಅವರು ಕೋಣೆಯ ಕಡೆ ಕೈ ತೋರಿಸಿದರು.

"ಪರದಾ ಮುಚ್ಚಾಕ ಬರ್ಲಿಲ್ಲ. ಅದಕ್ಕ ಅವರ ಕಣ್ಣು ಮುಚ್ಚಿ ಮನಿಗಿ ಓಡಿದೆ. ಆ ಹಸರ ಹೊಲಿಗಿ ನನ ಸೊಸೀದು. ಆಕಿ ಗುರ್ತು ಹಿಡಿದಾಳ. ನನ್ನ ಇಜ್ಜತ್ ಉಳೀಲಂತ ತನ್ನ ಪರೀಕ್ಷಿ ಬಿಡಾಕ ನಿಂತಾಳ. ನಾ ಮಾತ್ರ ಹುಡುಗೋರ ಮ್ಯಾಲ ಹಾಕಿ ಸುಮ್ಮ ಕುಂತೆ."

ಗೌತಮಿ ತಲೆ ತಗ್ಗಿಸಿ ಅಳುತ್ತಿದ್ದಳು. ಬೆನ್ನುಮೂಳೆಯ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ. ನನ್ನ ಸಿಟ್ಟು ಹೇಳಹೆಸರಿಲ್ಲದಂತೆ ಇಳಿದುಹೋಯಿತು.

ಮೊದಲು ಮಾತಾಡಿದವಳು ಪೀರಪ್ಪನವರ ಹೆಂಡತಿ ಕಸ್ತೂರಿಬಾಯಿ. "ಟವೆಲ್ ಎಲ್ಲಿ ಅಂತ ಮುಂಜಾನಿ ಕೇಳಿದ್ರ, ನೀನೇ ಎಲ್ಯಾರ ಇಟ್ಟಿರಬೇಕು ಅಂತ ನನಗ ಬೈದಿಯಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಬಂಡಮ್ಮ ತಡೆಯಲಾರದೆ ಬಾಯಿಬಿಟ್ಟಳು. "ನನ ಮಗನ ಫೋನಿನ್ಯಾಗೂ ಹಂಗೇ ಬಂದಿತ್ತವ್ವ. ಏನ್ ಮಾಡಬೇಕು ತಿಳೀಲಾರ್ದ ಫೋನ್ ಜ್ವಾಳದ ಚೀಲದಾಗ ಹೂತಿಟ್ಟಿದ್ದೆ!" ಇಡೀ ಹಾಲು ನಕ್ಕಿತು. ಪೀರಪ್ಪನವರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಮೇಲೆ ಕೈಮುಗಿದು ನಾಲ್ಕನೆಯ ಶೀಲವನ್ನು ಗಟ್ಟಿ ದನಿಯಲ್ಲಿ ಹೇಳಿಸಿದರು. ಕಾಲೇಜು ಹುಡುಗರು ಎಲ್ಲರಿಗಿಂತ ಜೋರಾಗಿ ಹಿಂದಿನಿಂದ ಹೇಳಿದರು, ಅವರದೂ ಒಂದು ಲೆಕ್ಕ ಚುಕ್ತಾ ಆಗಬೇಕಿತ್ತಲ್ಲ.

ಬೀಗದ ಮಾತು ಯಾರೂ ಎತ್ತಲಿಲ್ಲ. ವಂದನೆ ಮುಗಿದ ಮೇಲೆ ಆ ಹುಡುಗರನ್ನೇ ಕರೆದು ಮೇಜುಗಳನ್ನು ತಿರುಗಿಸಿದೆ. ಈಗ ಪರದೆಗಳು ತೆರೆದ ಬಾಗಿಲಿನಾಚೆಯ ಹಾಲಿನ ಕಡೆಗೆ, ಹೆಂಗಸರು ಕೂರುವ ಜಾಗಕ್ಕೆ ಎದುರಾಗಿ ನಿಂತವು. ಕಸ್ತೂರಿಬಾಯಿಯ ಕಣ್ಣು ತಪ್ಪಿಸಿ ಕಮಲಾಪುರದಲ್ಲಿ ಏನೂ ನಡೆಯದು. ಮಿಣುಕುವ ಜಾಹೀರಾತುಗಳು ಬಾರದಂತೆ ಫಿಲ್ಟರನ್ನೂ ಬಿಗಿ ಮಾಡಿದೆ. ಆಮೇಲೆ ಎಲ್ಲರಿಗೂ ಹೇಳಿದೆ: "ಏನರ ಕೆಟ್ಟದ್ದು ಬಂದ್ರ ಕೈ ಎತ್ರಿ. ಕೈ ಎತ್ತಿದವರಿಗಿ ಯಾರೂ ಬೈಯಬಾರ್ದು. ನಾನೂ ಬೈಯಾಂಗಿಲ್ಲ." ಕೊನೆಯ ಮಾತನ್ನು ಯಾರೂ ನಂಬಿದಂತೆ ಕಾಣಲಿಲ್ಲ.

ಅಂದಿನ ಪಾಠ ಒಂದೇ, ತೆರೆದದ್ದನ್ನು ಮುಚ್ಚುವುದು. ಮೊದಲು ಕೂತವರು ಪೀರಪ್ಪನವರು. ಗೌತಮಿ ಹಿಂದೆ ನಿಂತಳು.

"ಮ್ಯಾಲಿನ ಮೂಲ್ಯಾಗ ನೋಡ್ರಿ ಮಾವ. ಆ ಗುಣಾಕಾರದ ಗುರ್ತು. ಅದನ್ನ ಒತ್ರಿ."

ಒತ್ತಿದರು. ಪುಟ ಮುಚ್ಚಿಕೊಂಡಿತು.

"ಇಷ್ಟೇ ಏನಬೇ?"

"ಇಷ್ಟೇ ರೀ."

ಅವರು ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಕೈ ಪಳಗಿದ ಮೇಲೆ ಎದ್ದು ಕುರ್ಚಿಯನ್ನು ಸೊಸೆಗೆ ಬಿಟ್ಟುಕೊಟ್ಟರು. ಅವಳ ಕೈಲಿದ್ದ ಟವೆಲ್ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು.

"ಈಗ ನೀ ಕುಂದ್ರವ್ವ. ಆ ಪರೀಕ್ಷಿ ಜಾಗ ಎಲ್ಲಿ ಅದ, ದಾರಿ ತೋರ್ಸು," ಎಂದರು. "ನಾನೇ ಕರ್ಕೊಂಡು ಹೋಗ್ತೀನಿ."